ಶರಣ ಹೆಂಡದ ಮಾರಯ್ಯನವರು

ಶಿವಶರಣರ ನಾಮಾವಳಿಯಲ್ಲಿ ಕೆಲವು ಹೆಸರುಗಳು ಮೊದಲ ಸಲ ಕೇಳಿದ ಭಕ್ತನನ್ನು ಬೆಚ್ಚಿಬೀಳಿಸುತ್ತವೆ. ಕನ್ನವಿಕ್ಕುತ್ತಿದ್ದವರು ಕನ್ನದ ಮಾರಿತಂದೆಯಾಗಿಯೇ ಉಳಿದರು. ಹೆಂಡ ಮಾರುತ್ತಿದ್ದವರು ಹೆಂಡದ ಮಾರಯ್ಯನೆಂದೇ ಪ್ರಸಿದ್ಧರಾದರು. ಶರಣಪಥವನ್ನು ಹೊಕ್ಕ ಬಳಿಕ ಹಳೆಯ ಹೆಸರನ್ನು ಅಳಿಸಿ ಹೊಸದನ್ನು ಇಟ್ಟುಕೊಳ್ಳುವುದು ಕಷ್ಟವಾಗಿರಲಿಲ್ಲ. ಹಾಗೆ ಮಾಡದೆ ಇದ್ದುದರಲ್ಲಿ ಒಂದು ಮರ್ಮವಿದೆ. ಗೃಹಸ್ಥರಾದವರು ಅದನ್ನು ಮನನಮಾಡಬೇಕು.

ಮಾರಯ್ಯನವರು 12ನೆಯ ಶತಮಾನದಲ್ಲಿ ಬಾಳಿದವರು. ಹೆಂಡದ ಮಾರಾಟವೇ ಅವರ ಜೀವನೋಪಾಯ. ಕಲ್ಯಾಣದ ಶರಣರು ಕಾಯಕಗಳಲ್ಲಿ ಮೇಲುಕೀಳನ್ನು ಎಣಿಸಿದವರಲ್ಲ. ಕಸ ಗುಡಿಸುವುದೂ ಕಟ್ಟಿಗೆ ಹೊರುವುದೂ ಅವರಿಗೆ ಪೂಜ್ಯವೇ. ಆದರೆ ಕಾಯಕವು ಸತ್ಯಶುದ್ಧವಾಗಿರಬೇಕೆಂಬ ನಿಯಮ ಮಾತ್ರ ಕಠಿಣವಾಗಿತ್ತು. ಹೆಂಡವು ಮಾರುವವನ ಹೊಟ್ಟೆಯನ್ನು ತುಂಬುತ್ತದೆ, ಕೊಳ್ಳುವವನ ಮನೆಯ ಒಲೆಯನ್ನು ಆರಿಸುತ್ತದೆ. ಒಬ್ಬರ ಮನೆಯ ಕಣ್ಣೀರಿನಿಂದ ಬಂದ ಹಣ ದಾಸೋಹಕ್ಕೆ ಸಲ್ಲುವುದೆ? ಈ ಪ್ರಶ್ನೆಯು ಮಾರಯ್ಯನವರ ಅನ್ನದ ಬುಡವನ್ನೇ ಅಲುಗಿಸಿತು. ಶರಣಸಂಗದ ಪ್ರಭಾವದಿಂದ ಅವರು ಮಾರಾಟವನ್ನು ತೊರೆದರೆಂದೂ, ಕುಡಿಯಲೆಂದು ತಮ್ಮಲ್ಲಿಗೆ ಬಂದವರಿಗೆ ಕುಡಿತದ ಕೇಡನ್ನು ತಿಳಿಯಹೇಳಿ ಕಳುಹಿಸುತ್ತಿದ್ದರೆಂದೂ ಸಂಪ್ರದಾಯವು ನೆನೆಯುತ್ತದೆ. ಗಿರಾಕಿಗಳ ಹೆಸರು, ಅವರ ಸಾಲ, ಅವರ ಹೆಂಡಿರುಮಕ್ಕಳ ಗೋಳು, ಇವೆಲ್ಲವನ್ನೂ ಮಾರುವವನಿಗಿಂತ ಚೆನ್ನಾಗಿ ಬಲ್ಲವರಾರು? ಆದುದರಿಂದ ಅವರ ಮಾತಿಗೆ ಪಂಡಿತನ ಬೋಧೆಗಿಲ್ಲದ ಬಲವಿತ್ತು.

ಧರ್ಮೇಶ್ವರಲಿಂಗವೆಂಬ ಅಂಕಿತದಲ್ಲಿ ಅವರ 12 ವಚನಗಳು ದೊರೆತಿವೆ. ತಮ್ಮ ವೃತ್ತಿಯ ಮಾತುಗಳನ್ನೇ ಅವರು ಅನುಭಾವಕ್ಕೆ ಏಣಿಯಾಗಿ ಮಾಡಿಕೊಂಡರು. ತಾವು ಮಾರಲು ತಂದ ಅಮೃತವನ್ನು ಕೊಳ್ಳುವವರೇ ಇಲ್ಲವೆಂಬ ಅಳಲು ಅವರ ಒಂದು ವಚನದ ಸಾರ. ಮತ್ತು ಬರಿಸುವ ವಸ್ತುವಿಗೆ ಜನ ಮುಗಿಬೀಳುತ್ತಾರೆ. ಎಚ್ಚರವನ್ನು ಕೊಡುವ ವಸ್ತುವಿಗೆ ಗಿರಾಕಿಯಿಲ್ಲ. ಎರಡನ್ನೂ ಕಂಡವರು ಮಾತ್ರ ಈ ಅಳಲನ್ನು ನುಡಿಯಬಲ್ಲರು.

ಇಂಥ ಬದಲಾವಣೆ ಏಕಾಂತದಲ್ಲಿ ನಡೆಯಲಿಲ್ಲ. ಕಲ್ಯಾಣದ ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳ ಅಧ್ಯಕ್ಷತೆಯಲ್ಲಿ ನಾನಾ ವೃತ್ತಿಯವರು ಒಂದಾಗಿ ಕುಳಿತು ತಂತಮ್ಮ ಒಳಗನ್ನು ಬಿಚ್ಚಿಡುತ್ತಿದ್ದರು. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಹೋದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳೂ ಆ ಶರಣಸಮೂಹದವರೇ. ಅಲ್ಲಿ ಹಳೆಯ ಹೆಸರು ನಾಚಿಕೆಯ ಗುರುತಾಗಿರಲಿಲ್ಲ. ತಾನು ಏನಾಗಿದ್ದೆನೆಂಬುದನ್ನು ಮರೆಯದವನೇ ತಾನು ಏನಾಗಬೇಕೆಂಬುದನ್ನು ಕಾಪಾಡಿಕೊಳ್ಳುತ್ತಾನೆ. ಮಾರಯ್ಯನವರ ಹೆಸರಿನ ಮರ್ಮ ಇದೇ.

ಎಂಟು ಶತಮಾನಗಳ ತರುವಾಯ ಅಮೆರಿಕದಲ್ಲಿ ಇದೇ ಮರ್ಮ ಬೇರೆ ರೂಪದಲ್ಲಿ ಕಾಣಿಸಿಕೊಂಡಿತು. 1935ರಲ್ಲಿ ಓಹಾಯೋ ಪ್ರಾಂತದ ಆಕ್ರನ್ ಪಟ್ಟಣದಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರಸ್ಥನೂ ಬಾಬ್ ಸ್ಮಿತ್ ಎಂಬ ವೈದ್ಯನೂ ಕೂಡಿ ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಕೂಟವನ್ನು ಕಟ್ಟಿದರು. ಇಬ್ಬರೂ ಕುಡಿತದಿಂದ ನೊಂದವರು. 1957ರಲ್ಲಿ ಈ ಕೂಟ ಭಾರತದಲ್ಲಿಯೂ ಬೇರೂರಿತು. ಅಲ್ಲಿ ಶುಲ್ಕವಿಲ್ಲ, ಪೂರ್ಣ ಹೆಸರನ್ನು ಹೇಳಬೇಕಾಗಿಲ್ಲ. ಬಿಡಬೇಕೆಂಬ ಬಯಕೆಯೊಂದೇ ಅರ್ಹತೆ. ಬಂದವನು ತನ್ನ ಸ್ಥಿತಿಯನ್ನು ತಾನೇ ಒಪ್ಪಿ ನುಡಿಯುತ್ತಾನೆ, ಉಳಿದವರು ಹಳಿಯದೆ ಕೇಳುತ್ತಾರೆ, ಆ ಒಂದು ದಿನ ಕುಡಿಯದಿರುವ ಸಂಕಲ್ಪದೊಡನೆ ಮನೆಗೆ ಹೋಗುತ್ತಾನೆ. ಕನ್ನಡನಾಡಿನಲ್ಲಿ ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ಸುತ್ತಿ, ಧಾನ್ಯವನ್ನು ಬೇಡದೆ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರು 2018ರಲ್ಲಿ ಲಿಂಗೈಕ್ಯರಾದರು. 2019ರ ಜನವರಿಯಲ್ಲಿ ರಾಯಚೂರು ಮೊದಲಾದ ಜಿಲ್ಲೆಗಳ ಸಾವಿರಾರು ಬಡ ಹೆಣ್ಣುಮಕ್ಕಳು ಮದ್ಯನಿಷೇಧವನ್ನು ಕೋರಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದರು. ಆರಿದ ಒಲೆಯ ಸಾಕ್ಷಿಯನ್ನು ಅವರು ತಮ್ಮ ಪಾದಗಳಿಂದ ಬರೆದರು.

ಸಿರವಾರ, ಮಾನ್ವಿ, ದೇವದುರ್ಗಗಳ ಕಡೆ ಕಾಲುವೆಯ ಬಯಲಿನಲ್ಲಿ ದುಡಿದ ದಿನಗೂಲಿ ಸಂಜೆಗೆ ಎಲ್ಲಿ ಕರಗುವುದೆಂಬುದನ್ನು ಗೃಹಿಣಿಯರು ಬಲ್ಲರು. ಕುಡಿತ ಕೇವಲ ಕೆಟ್ಟ ನಡತೆಯಲ್ಲ, ಅದು ಚಿಕಿತ್ಸೆಗೆ ಒಳಪಡುವ ರೋಗವೂ ಹೌದು. ಬಹುಕಾಲ ಅತಿಯಾಗಿ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ನಡುಕ, ಅಪಸ್ಮಾರ, ಬುದ್ಧಿಭ್ರಮೆಗಳುಂಟಾಗಿ ಪ್ರಾಣಕ್ಕೂ ಅಪಾಯವಾಗಬಹುದು. ಆದುದರಿಂದ ಆಣೆ ಹಾಕಿಸಿ ಕೋಣೆಯಲ್ಲಿ ಕೂಡಿಹಾಕುವುದು ತಕ್ಕುದಲ್ಲ. ಮೊದಲು ಸರಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದೊಯ್ಯಬೇಕು. ಶುಲ್ಕವಿಲ್ಲದ 14446 ಎಂಬ ದೂರವಾಣಿಯಲ್ಲಿ ವ್ಯಸನಮುಕ್ತಿಯ ಸಲಹೆ ದೊರೆಯುತ್ತದೆ. ಸಮೀಪದ ಕೂಟ ಯಾವುದೆಂದು ವೈದ್ಯರನ್ನೂ ಕೇಳಬಹುದು. ದೇಹ ಚೇತರಿಸಿದ ಮೇಲೆ ಕೂಟಕ್ಕೆ ಹೋಗುವುದನ್ನು ಬಿಡಬಾರದು. ಒಮ್ಮೆ ಜಾರಿದವನು ಮರಳಿ ಬಂದರೆ ಅವನಿಗೆ ಚಾಪೆ ಹಾಸಬೇಕು. ಕುಡಿಯುವವರ ಮನೆಯವರಿಗೆಂದು ಅಲ್-ಅನಾನ್ ಎಂಬ ಪ್ರತ್ಯೇಕ ಕೂಟಗಳೂ ಉಂಟು.

ಮಾನಕ್ಕಂಜಿ ಮನೆಯ ರೋಗವನ್ನು ಮುಚ್ಚಿಡುವ ಭಕ್ತನು ಮಾರಯ್ಯನವರ ಹೆಸರನ್ನು ಒಮ್ಮೆ ಬಾಯ್ತುಂಬ ಉಚ್ಚರಿಸಲಿ. ಹೆಂಡವೆಂಬ ಶಬ್ದವನ್ನು ಹೊತ್ತ ಹೆಸರನ್ನೇ ಶರಣರು ಪೂಜ್ಯವೆಂದು ಭಾವಿಸಿದರು. ಬಿಡಲು ಹೆಣಗುವ ಮಗನನ್ನೂ ಗಂಡನನ್ನೂ ನಮ್ಮವನೆಂದು ಕರೆದು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳುವುದೇ ಆ ಶರಣನಿಗೆ ಸಲ್ಲುವ ನಿಜವಾದ ಪೂಜೆ.