ಜೆಸ್ಸಿ ಓವೆನ್ಸ್

ಜೆಸ್ಸಿ ಓವೆನ್ಸ್ (೧೨ ಸೆಪ್ಟೆಂಬರ್ ೧೯೧೩ – ೩೧ ಮಾರ್ಚ್ ೧೯೮೦) ಅಮೆರಿಕ ಸಂಯುಕ್ತ ಸಂಸ್ಥಾನದ ಸುಪ್ರಸಿದ್ಧ ಓಟಗಾರರು ಹಾಗೂ ಉದ್ದ ಜಿಗಿತದ ಪಟು. ೧೯೩೬ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನದ ಪದಕಗಳನ್ನು ಗೆದ್ದು, ಆರ್ಯ ಜನಾಂಗವೇ ಶ್ರೇಷ್ಠವೆಂಬ ನಾಜಿಗಳ ವಾದವನ್ನು ಅವರ ನೆಲದಲ್ಲಿಯೇ ಸುಳ್ಳಾಗಿಸಿದರು.

ಜನನ ಮತ್ತು ಬಾಲ್ಯ

ಓವೆನ್ಸ್ ಅವರು ಅಲಬಾಮಾ ರಾಜ್ಯದ ಓಕ್‌ವಿಲ್ ಎಂಬಲ್ಲಿ, ಕೋರಿಗೆ ಜಮೀನು ಉಳುತ್ತಿದ್ದ ಬಡ ಕಪ್ಪು ವರ್ಣೀಯ ಕುಟುಂಬದಲ್ಲಿ ಕೊನೆಯ ಮಗುವಾಗಿ ಜನಿಸಿದರು. ಇವರ ಮೂಲ ಹೆಸರು ಜೇಮ್ಸ್ ಕ್ಲೀವ್‌ಲ್ಯಾಂಡ್ ಓವೆನ್ಸ್. ಒಂಬತ್ತನೆಯ ವಯಸ್ಸಿನಲ್ಲಿ ಕುಟುಂಬವು ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರಕ್ಕೆ ವಲಸೆ ಬಂದಿತು. ಹೊಸ ಶಾಲೆಯಲ್ಲಿ ಬಾಲಕನು ತನ್ನ ಹೆಸರನ್ನು ‘ಜೆ. ಸಿ.’ ಎಂದು ಹೇಳಿದಾಗ, ದಕ್ಷಿಣದ ಉಚ್ಚಾರಣೆಯ ಪರಿಚಯವಿಲ್ಲದ ಶಿಕ್ಷಕಿಯು ‘ಜೆಸ್ಸಿ’ ಎಂದು ಬರೆದುಕೊಂಡರು. ಆ ಹೆಸರೇ ಶಾಶ್ವತವಾಯಿತು. ಶಾಲೆ ಬಿಟ್ಟ ಮೇಲೆ ಕೆಲಸಕ್ಕೆ ಹೋಗಬೇಕಾಗಿದ್ದ ಈ ಬಾಲಕನಿಗೆ ಚಾರ್ಲ್ಸ್ ರೈಲಿ ಎಂಬ ಶಾಲಾ ತರಬೇತುದಾರರು ಬೆಳಗ್ಗೆ ಶಾಲೆ ಆರಂಭವಾಗುವ ಮುನ್ನವೇ ಅಭ್ಯಾಸ ಮಾಡಿಸಿದರು.

ವಿದ್ಯಾರ್ಥಿ ಕ್ರೀಡಾಪಟು

ಒಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಓವೆನ್ಸ್ ಅವರು ಲ್ಯಾರಿ ಸ್ನೈಡರ್ ಅವರ ಮಾರ್ಗದರ್ಶನ ಪಡೆದರು. ವರ್ಣಭೇದದ ಕಾರಣ ಅವರಿಗೆ ವಿಶ್ವವಿದ್ಯಾಲಯದ ವಸತಿ ದೊರೆಯಲಿಲ್ಲ. ವಿದ್ಯಾರ್ಥಿವೇತನವೂ ಇಲ್ಲದೆ, ಕೆಲಸ ಮಾಡುತ್ತಲೇ ವ್ಯಾಸಂಗ ನಡೆಸಿದರು.

೧೯೩೫ರ ಮೇ ೨೫ರಂದು ಆನ್ ಆರ್ಬರ್‌ನಲ್ಲಿ ನಡೆದ ಕ್ರೀಡಾಕೂಟಕ್ಕೆ ಅವರು ಬೆನ್ನುನೋವಿನಿಂದಲೇ ಬಂದಿದ್ದರು. ಆದರೂ ಸುಮಾರು ೪೫ ನಿಮಿಷಗಳ ಅವಧಿಯಲ್ಲಿ ೧೦೦ ಗಜಗಳ ಓಟದ ವಿಶ್ವದಾಖಲೆಯನ್ನು (೯.೪ ಸೆಕೆಂಡು) ಸರಿಗಟ್ಟಿ, ಉದ್ದ ಜಿಗಿತ (೮.೧೩ ಮೀಟರ್), ೨೨೦ ಗಜಗಳ ಓಟ (೨೦.೩ ಸೆಕೆಂಡು) ಮತ್ತು ೨೨೦ ಗಜಗಳ ತಗ್ಗು ಹರ್ಡಲ್ಸ್ (೨೨.೬ ಸೆಕೆಂಡು) ಸ್ಪರ್ಧೆಗಳಲ್ಲಿ ಹೊಸ ವಿಶ್ವದಾಖಲೆ ಸ್ಥಾಪಿಸಿದರು. ಒಂದೇ ಒಂದು ಜಿಗಿತದಲ್ಲಿ ಸಾಧಿಸಿದ ಉದ್ದ ಜಿಗಿತದ ದಾಖಲೆಯು ೧೯೬೦ರಲ್ಲಿ ರಾಲ್ಫ್ ಬೋಸ್ಟನ್ ಮುರಿಯುವವರೆಗೆ ಉಳಿದಿತ್ತು.

ಬರ್ಲಿನ್ ಒಲಿಂಪಿಕ್ಸ್

೧೯೩೬ರ ಆಗಸ್ಟ್‌ನಲ್ಲಿ ಓವೆನ್ಸ್ ಅವರು ೧೦೦ ಮೀಟರ್ ಓಟ (೧೦.೩ ಸೆಕೆಂಡು), ಉದ್ದ ಜಿಗಿತ (೮.೦೬ ಮೀಟರ್), ೨೦೦ ಮೀಟರ್ ಓಟ (೨೦.೭ ಸೆಕೆಂಡು) ಹಾಗೂ ೪×೧೦೦ ಮೀಟರ್ ರಿಲೇ (೩೯.೮ ಸೆಕೆಂಡು) ಸ್ಪರ್ಧೆಗಳಲ್ಲಿ ಚಿನ್ನ ಗೆದ್ದರು. ಉದ್ದ ಜಿಗಿತದಲ್ಲಿ ಬೆಳ್ಳಿ ಪಡೆದ ಜರ್ಮನಿಯ ಲುಜ್ ಲಾಂಗ್ ಅವರು ತುಂಬಿದ ಕ್ರೀಡಾಂಗಣದ ಎದುರೇ ಓವೆನ್ಸ್ ಅವರನ್ನು ಅಭಿನಂದಿಸಿದರು. ಇವರಿಬ್ಬರ ಸ್ನೇಹವು ಕ್ರೀಡಾ ಇತಿಹಾಸದಲ್ಲಿ ಸ್ಮರಣೀಯವಾಗಿದೆ. ಲಾಂಗ್ ಅವರು ೧೯೪೩ರಲ್ಲಿ ಎರಡನೆಯ ಮಹಾಯುದ್ಧದಲ್ಲಿ ಮಡಿದರು.

ಸ್ವದೇಶದಲ್ಲಿ

ನ್ಯೂಯಾರ್ಕ್ ನಗರವು ಓವೆನ್ಸ್ ಅವರನ್ನು ಮೆರವಣಿಗೆಯಲ್ಲಿ ಸ್ವಾಗತಿಸಿತು. ಆದರೆ ಅವರ ಗೌರವಾರ್ಥ ನಡೆದ ಸತ್ಕಾರಕೂಟಕ್ಕೆ ಅವರು ಹೋಟೆಲಿನ ಸರಕು ಸಾಗಿಸುವ ಲಿಫ್ಟ್‌ನಲ್ಲಿ ಹೋಗಬೇಕಾಯಿತು. ಅಧ್ಯಕ್ಷ ರೂಸ್ವೆಲ್ಟ್ ಅವರಿಂದ ಅಭಿನಂದನೆಯೂ ಬರಲಿಲ್ಲ. ಒಲಿಂಪಿಕ್ಸ್ ನಂತರದ ಯುರೋಪ್ ಪ್ರದರ್ಶನ ಪ್ರವಾಸವನ್ನು ಮೊಟಕುಗೊಳಿಸಿ ಮರಳಿದ್ದಕ್ಕಾಗಿ ಹವ್ಯಾಸಿ ಕ್ರೀಡಾ ಒಕ್ಕೂಟವು ಅವರನ್ನು ಅಮಾನತುಗೊಳಿಸಿತು. ಹೀಗೆ ೨೩ನೆಯ ವಯಸ್ಸಿಗೇ ಅವರ ಸ್ಪರ್ಧಾಜೀವನ ಮುಗಿಯಿತು. ಜೀವನೋಪಾಯಕ್ಕಾಗಿ ಅವರು ಕುದುರೆಗಳ ಜೊತೆ ಪಂದ್ಯ ಕಟ್ಟಿ ಓಡಿದರು. ಬಟ್ಟೆ ಶುಚಿಗೊಳಿಸುವ ವ್ಯಾಪಾರದಲ್ಲಿ ಕೈಹಾಕಿ ದಿವಾಳಿಯಾದರು.

೧೯೫೫ರಲ್ಲಿ ಅಮೆರಿಕ ಸರ್ಕಾರವು ಅವರನ್ನು ಸದ್ಭಾವನಾ ರಾಯಭಾರಿಯಾಗಿ ಭಾರತ, ಮಲಯ ಹಾಗೂ ಫಿಲಿಪ್ಪೀನ್ಸ್‌ಗಳಿಗೆ ಕಳುಹಿಸಿತು. ೧೯೭೬ರಲ್ಲಿ, ಬರ್ಲಿನ್ ವಿಜಯದ ನಲವತ್ತು ವರ್ಷಗಳ ಬಳಿಕ, ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರು ದೇಶದ ಅತ್ಯುನ್ನತ ನಾಗರಿಕ ಗೌರವವಾದ ಸ್ವಾತಂತ್ರ್ಯದ ಅಧ್ಯಕ್ಷೀಯ ಪದಕವನ್ನು ನೀಡಿದರು.

ನಿಧನ ಮತ್ತು ಸ್ಮರಣೆ

ಓವೆನ್ಸ್ ಅವರು ಶ್ವಾಸಕೋಶದ ಕ್ಯಾನ್ಸರ್‌ನಿಂದ ಅರಿಜೋನಾ ರಾಜ್ಯದ ಟೂಸಾನ್‌ನಲ್ಲಿ ನಿಧನರಾದರು. ೧೯೮೪ರಲ್ಲಿ ಬರ್ಲಿನ್‌ನ ಒಲಿಂಪಿಕ್ ಕ್ರೀಡಾಂಗಣದ ಬಳಿಯ ರಸ್ತೆಗೆ ಅವರ ಹೆಸರನ್ನಿಡಲಾಯಿತು. ಅದೇ ವರ್ಷ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕಾರ್ಲ್ ಲೂಯಿಸ್ ಅವರು ಇದೇ ನಾಲ್ಕು ಸ್ಪರ್ಧೆಗಳಲ್ಲಿ ಚಿನ್ನ ಗೆದ್ದು ಓವೆನ್ಸ್ ಅವರ ಸಾಧನೆಯನ್ನು ಸರಿಗಟ್ಟಿದರು.