ಗುಂಗುರು ಕೂದಲಿನ ಘನತೆ: ಮಾಲ್ಕಮ್ ಎಕ್ಸ್ ಬದುಕಿನ ಒಂದು ಪಾಠ

ಸೃಷ್ಟಿಕರ್ತನು ಕೊಟ್ಟ ರೂಪಕ್ಕೆ ನಾಚಿಕೊಳ್ಳುವಂತೆ ಇಡೀ ಜನಾಂಗಕ್ಕೇ ಕಲಿಸಿಬಿಟ್ಟರೆ ಏನಾದೀತು? ಅಮೆರಿಕದ ಕಪ್ಪು ಜನರ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ. ಗುಲಾಮಗಿರಿಯ ಕಾಲದಿಂದಲೂ ಅವರ ಮೈಬಣ್ಣದಂತೆಯೇ ದಟ್ಟವಾದ ಗುಂಗುರು ಕೂದಲೂ ಹೀಯಾಳಿಕೆಗೆ ಗುರಿಯಾಗಿತ್ತು. ಬಿಳಿಯರ ನೇರ ಕೂದಲೇ ಚೆಂದ ಎಂಬ ಭಾವನೆ ಕ್ರಮೇಣ ಅವರಲ್ಲಿ ಅನೇಕರ ಮನಸ್ಸಿನಲ್ಲೂ ಬೇರೂರಿತು. ಈ ಭಾವನೆಗೆ ಮೊದಲು ಬಲಿಯಾಗಿ, ಅನಂತರ ಅದರ ವಿರುದ್ಧವೇ ದನಿಯೆತ್ತಿದವರು ಮಾಲ್ಕಮ್ ಎಕ್ಸ್.

ಮಾಲ್ಕಮ್ ಲಿಟಲ್ ಜನಿಸಿದ್ದು 1925ರ ಮೇ 19ರಂದು, ನೆಬ್ರಾಸ್ಕ ರಾಜ್ಯದ ಒಮಾಹಾದಲ್ಲಿ. ತಂದೆ ಅರ್ಲ್ ಲಿಟಲ್ ಕ್ರೈಸ್ತ ಬೋಧಕ. ಕಪ್ಪು ಜನರ ಸ್ವಾಭಿಮಾನಕ್ಕಾಗಿ ದುಡಿದ ಮಾರ್ಕಸ್ ಗಾರ್ವಿಯ ಅನುಯಾಯಿ. ತಾಯಿ ಲೂಯಿಸ್ ಗ್ರೆನಡಾ ದ್ವೀಪದವರು. 1931ರಲ್ಲಿ ತಂದೆ ತೀರಿಕೊಂಡರು. ಕೆಲವು ವರ್ಷಗಳ ಬಳಿಕ ತಾಯಿ ಮಾನಸಿಕ ಆಸ್ಪತ್ರೆ ಸೇರಬೇಕಾಯಿತು, ಮಕ್ಕಳು ದಿಕ್ಕಾಪಾಲಾದರು. ತರಗತಿಯಲ್ಲಿ ಮುಂದಿದ್ದ ಮಾಲ್ಕಮ್ ವಕೀಲನಾಗುವ ಆಸೆ ಹೇಳಿಕೊಂಡಾಗ, ಕಪ್ಪು ಹುಡುಗನಿಗೆ ಅದು ಹೇಳಿದ್ದಲ್ಲ, ಬಡಗಿಯಾಗುವುದೇ ಲೇಸು ಎಂದು ಶಿಕ್ಷಕರೊಬ್ಬರು ಬುದ್ಧಿ ಹೇಳಿದರು. ಎಂಟನೆಯ ತರಗತಿಗೇ ಓದು ನಿಂತಿತು.

1941ರಲ್ಲಿ ಹುಡುಗ ಬೋಸ್ಟನ್‌ನಲ್ಲಿದ್ದ ಅಕ್ಕ ಎಲ್ಲಾಳ ಮನೆ ಸೇರಿದ. ಅಲ್ಲಿನ ಯುವಕರಲ್ಲಿ ಕೂದಲನ್ನು ನೇರಗೊಳಿಸುವ 'ಕಾಂಕ್' ಎಂಬ ಶೋಕಿಯಿತ್ತು. ಹೆಚ್ಚಿದ ಆಲೂಗಡ್ಡೆ, ಮೊಟ್ಟೆ ಮತ್ತು ಕಾಸ್ಟಿಕ್ ಸೋಡಾ ಬೆರೆಸಿದ ಲೇಪವನ್ನು ಗೆಳೆಯನೊಬ್ಬ ಮಾಲ್ಕಮ್‌ನ ತಲೆಗೆ ಹಚ್ಚಿದ. ನೆತ್ತಿ ಬೆಂಕಿ ಬಿದ್ದಂತೆ ಉರಿಯಿತು. ಕಣ್ಣಲ್ಲಿ ನೀರು ಸುರಿಯಿತು. ಕನ್ನಡಿಯಲ್ಲಿ ನೇರ ಕೂದಲು ಕಂಡಾಗ ಮಾತ್ರ ನೋವೆಲ್ಲ ಮರೆತುಹೋಯಿತು. ತನ್ನನ್ನು ತಾನೇ ಕೀಳಾಗಿಸಿಕೊಂಡ ಮೊದಲ ದೊಡ್ಡ ಹೆಜ್ಜೆ ಅದೇ ಎಂದು ಮುಂದೆ ಅವರು ಆತ್ಮಕಥೆಯಲ್ಲಿ ಪಶ್ಚಾತ್ತಾಪದಿಂದ ನೆನೆದರು.

ಜೂಜು, ಮಾದಕ ವಸ್ತು, ಕಳ್ಳತನಗಳ ಹಾದಿ ಹಿಡಿದ ಮಾಲ್ಕಮ್ 1946ರಲ್ಲಿ ಸೆರೆಮನೆ ಸೇರಿದರು. ಅಲ್ಲಿ ಅವರ ಕೈಹಿಡಿದದ್ದು ಓದು. ನಿಘಂಟನ್ನು ಮೊದಲ ಪುಟದಿಂದಲೇ ನಕಲು ಮಾಡುತ್ತಾ ಪದಗಳನ್ನು ಕಲಿತರು. ರಾತ್ರಿ ದೀಪ ಆರಿದ ಮೇಲೂ ಹೊರಗಿನ ಮಂದ ಬೆಳಕಿನಲ್ಲಿ ಚರಿತ್ರೆಯ ಗ್ರಂಥಗಳನ್ನು ಓದಿದರು. ಒಡಹುಟ್ಟಿದವರ ಮೂಲಕ ನೇಶನ್ ಆಫ್ ಇಸ್ಲಾಂ ಸಂಘಟನೆಯ ಪರಿಚಯವಾಯಿತು. 1952ರಲ್ಲಿ ಬಿಡುಗಡೆಯಾದವರು, ಗುಲಾಮಗಿರಿ ಅಂಟಿಸಿದ ಕುಲನಾಮವನ್ನು ಕಳಚಿ ಎಕ್ಸ್ ಎಂದು ಕರೆದುಕೊಂಡರು. ಆಫ್ರಿಕದ ಪೂರ್ವಜರ ಕಳೆದುಹೋದ ಹೆಸರಿಗೆ ಆ ಅಕ್ಷರ ಸಂಕೇತ. ಹೆಸರಿನಂತೆ ತಲೆಗೂದಲೂ ಸಹಜತೆಗೆ ಮರಳಿತು. ಗಿಡ್ಡಗೆ ಕತ್ತರಿಸಿದ ಗುಂಗುರು ಕೂದಲು ಅವರ ಗುರುತಾಯಿತು. 1962ರಲ್ಲಿ ಲಾಸ್ ಏಂಜಲೀಸ್‌ನ ಭಾಷಣದಲ್ಲಿ, ನಿಮ್ಮ ಕೂದಲನ್ನೂ ಮೈಬಣ್ಣವನ್ನೂ ದ್ವೇಷಿಸಲು ನಿಮಗೆ ಕಲಿಸಿದವರು ಯಾರೆಂದು ಅವರು ತಮ್ಮ ಜನರನ್ನು ನೇರವಾಗಿ ಕೇಳಿದರು.

1964ರಲ್ಲಿ ಆ ಸಂಘಟನೆ ತೊರೆದು ಹಜ್ಜ್ ಯಾತ್ರೆ ಕೈಗೊಂಡರು. ಎಲ್ಲ ಬಣ್ಣದವರೂ ಒಂದೇ ಬಗೆಯ ಉಡುಪಿನಲ್ಲಿ, ಒಂದೇ ತಟ್ಟೆಯಲ್ಲಿ ಉಣ್ಣುವುದನ್ನು ಕಂಡು, ಬಿಳಿಯರೆಲ್ಲ ಹುಟ್ಟಿನಿಂದಲೇ ಕೆಟ್ಟವರೆಂಬ ಹಳೆಯ ನಿಲುವನ್ನು ಕೈಬಿಟ್ಟರು. ಸ್ವಾಭಿಮಾನ ಉಳಿಯಿತು, ದ್ವೇಷ ಕಳೆಯಿತು. 1965ರ ಫೆಬ್ರವರಿ 21ರಂದು ನ್ಯೂಯಾರ್ಕಿನ ಸಭೆಯೊಂದರಲ್ಲಿ ಗುಂಡಿಗೆ ಬಲಿಯಾದಾಗ ಅವರಿಗೆ 39 ವರ್ಷ.

ಮುಂದಿನ ವರ್ಷಗಳಲ್ಲಿ ಲಕ್ಷಾಂತರ ಕಪ್ಪು ಯುವಕ ಯುವತಿಯರು ಗುಂಗುರು ಕೂದಲನ್ನು ಕಿರೀಟದಂತೆ ಬೆಳೆಸಿದರು. ಈ ಕೂದಲಿನ ಆರೈಕೆಯೂ ಬೇರೆ. ನೆತ್ತಿಯ ಎಣ್ಣೆಯಂಶ ಸುರುಳಿಗಳ ತುದಿಯವರೆಗೆ ಸುಲಭವಾಗಿ ಇಳಿಯದ ಕಾರಣ ಅದು ಬೇಗ ಒಣಗುತ್ತದೆ. ತೇವ, ಎಣ್ಣೆ, ಅಗಲ ಹಲ್ಲಿನ ಬಾಚಣಿಗೆ ಮತ್ತು ತಾಳ್ಮೆ ಬೇಕು, ಸುಡುವ ರಾಸಾಯನಿಕವಲ್ಲ. ಸಹಜ ಕೂದಲು, ಜಡೆಗಳ ನೆಪದಲ್ಲಿ ಉದ್ಯೋಗ ಮತ್ತು ಶಾಲೆಗಳಲ್ಲಿ ತಾರತಮ್ಯ ಮಾಡುವುದನ್ನು 2019ರಲ್ಲಿ ಕ್ಯಾಲಿಫೋರ್ನಿಯಾ ಕಾನೂನಿನಿಂದ ನಿಷೇಧಿಸಿತು. ಬಳಿಕ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಅದೇ ದಾರಿ ಹಿಡಿದಿವೆ.

ವಿದ್ಯಾರ್ಥಿ ಮಿತ್ರರೇ, ಮಾಲ್ಕಮ್‌ರ ತಲೆಯ ಮೇಲಿನ ಕೂದಲನ್ನು ಬದಲಿಸಿದ್ದು ಕಾಸ್ಟಿಕ್ ಸೋಡಾ; ತಲೆಯೊಳಗಿನ ಕೀಳರಿಮೆಯನ್ನು ತೊಳೆದದ್ದು ಪುಸ್ತಕ. ಮೈಬಣ್ಣಕ್ಕೋ ಕೂದಲಿಗೋ ಸಹಪಾಠಿಯನ್ನು ಹಾಸ್ಯ ಮಾಡುವ ಮುನ್ನ, ಕನ್ನಡಿಯ ಮುಂದೆ ನಿಂತು ನಮ್ಮನ್ನೇ ಹಳಿದುಕೊಳ್ಳುವ ಮುನ್ನ, ಈ ಬದುಕನ್ನೊಮ್ಮೆ ನೆನೆಯೋಣ.