ಪ್ರಶ್ನೆ ಕೇಳಲು ಧೈರ್ಯ ಕೊಟ್ಟ ಡಾಕ್ಟರಮ್ಮ

ಡಾ. ಅನುಪಮಾ ನಿರಂಜನ ಎಂದರೆ ಕಾದಂಬರಿಗಾರ್ತಿ ಎಂದು ಕನ್ನಡ ತರಗತಿಯಲ್ಲಿ ಕೇಳಿರುತ್ತೀರಿ. ಮಕ್ಕಳಿಗೂ ಹದಿಹರೆಯದವರಿಗೂ ತಿಳಿವಳಿಕೆ ಹೇಳಿದ ಡಾಕ್ಟರ್ ಅನುಪಮಾ ಅವರ ಬಗ್ಗೆ ನಾನಿಲ್ಲಿ ಬರೆಯುತ್ತಿದ್ದೇನೆ.

ನಮ್ಮ ಶಿಕಾರಿಪುರ, ಸೊರಬಗಳಂತೆ ತೀರ್ಥಹಳ್ಳಿಯೂ ಶಿವಮೊಗ್ಗ ಜಿಲ್ಲೆಯ ತಾಲ್ಲೂಕು. ಅಲ್ಲಿ 1934ರಲ್ಲಿ ಅವರು ಹುಟ್ಟಿದರು. ಮೊದಲ ಹೆಸರು ವೆಂಕಟಲಕ್ಷ್ಮಿ. ಅನುಪಮಾ ಎಂಬುದು ಕಾವ್ಯನಾಮ. ಅವರ ಪತಿಯ 'ನಿರಂಜನ' ಎಂಬ ಹೆಸರೂ ಸಾಹಿತಿ ಕುಳಕುಂದ ಶಿವರಾಯರ ಕಾವ್ಯನಾಮವೇ. ಮೈಸೂರಿನಲ್ಲಿ ವೈದ್ಯಕೀಯ ಓದಿದ ಅನುಪಮಾ, ಧಾರವಾಡ ಮತ್ತು ಬೆಂಗಳೂರಿನಲ್ಲಿ ವೈದ್ಯೆಯಾಗಿ ದುಡಿದರು.

ಅವರು ಡಾಕ್ಟರಾಗಿ ಕೆಲಸ ಆರಂಭಿಸಿದ ಕಾಲದಲ್ಲಿ ಶಾಲಾ ಮಕ್ಕಳ ಆರೋಗ್ಯದ ಬಗ್ಗೆ ದೇಶದಲ್ಲಿ ಚರ್ಚೆ ನಡೆಯುತ್ತಿತ್ತು. 1960ರಲ್ಲಿ ಕೇಂದ್ರ ಸರ್ಕಾರ ರೇಣುಕಾ ರೇ ಅವರ ಅಧ್ಯಕ್ಷತೆಯಲ್ಲಿ ಶಾಲಾ ಆರೋಗ್ಯ ಸಮಿತಿಯನ್ನು ನೇಮಿಸಿತು. ಶಾಲೆಗೆ ಬಂದ ಡಾಕ್ಟರು ಎತ್ತರ, ತೂಕ, ಹಲ್ಲು, ಕಣ್ಣು ನೋಡಿ ಹೋಗಬಹುದು. ಆದರೆ ಮನಸ್ಸಿನಲ್ಲಿರುವ ಪ್ರಶ್ನೆಯನ್ನು ಸಾಲಿನಲ್ಲಿ ನಿಂತು, ಎಲ್ಲರೆದುರು ಕೇಳುವುದು ಹೇಗೆ? ಇಂದಿಗೂ ನಮಗೆ ಅದು ಕಷ್ಟ.

ಅಂಥವರಿಗಾಗಿ ಅನುಪಮಾ ಪುಸ್ತಕ ಬರೆದರು. 'ತಾಯಿ-ಮಗು' ಬಸುರಿ, ಬಾಣಂತಿ ಮತ್ತು ಶಿಶುವಿನ ಆರೈಕೆ ತಿಳಿಸುತ್ತದೆ. 'ಕೇಳು ಕಿಶೋರಿ' ನಮ್ಮ ವಯಸ್ಸಿನ ಹುಡುಗಿಯರಿಗಾಗಿಯೇ ಬರೆದದ್ದು. ಮೈಯಲ್ಲಿ ಆಗುವ ಬದಲಾವಣೆ ರೋಗವೂ ಅಲ್ಲ, ನಾಚಿಕೆಪಡುವ ಸಂಗತಿಯೂ ಅಲ್ಲ ಎಂದು ನನಗೆ ಮನವರಿಕೆಯಾದದ್ದು ಅದನ್ನು ಓದಿದ ಮೇಲೆ.

ನಮ್ಮ ಮನೆಮಾತು ಉರ್ದು. ಅಮ್ಮಿ ಎಲ್ಲವನ್ನೂ ಹೇಳಿಕೊಟ್ಟಿದ್ದಾರೆ, ಈ ವಿಷಯ ಮಾತ್ರ ಬಿಟ್ಟು. ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಓದಿದ್ದನ್ನು ನಾನು ಉರ್ದುವಿನಲ್ಲಿ ಹೇಳಿದಾಗ ಅಕ್ಕಿ ಆರಿಸುತ್ತಲೇ ಕೇಳಿಸಿಕೊಂಡರು. ಕೊನೆಗೆ ಮೆಲ್ಲನೆ ತಮ್ಮದೂ ಒಂದು ಪ್ರಶ್ನೆ ಕೇಳಿದರು. ಅಂದಿನಿಂದ ನಮ್ಮಿಬ್ಬರಲ್ಲಿ ಆ ಮಾತಿಗೆ ಸಂಕೋಚವಿಲ್ಲ.

ಚಿಕ್ಕ ಮಕ್ಕಳಿಗಾಗಿ ಅವರು 'ದಿನಕ್ಕೊಂದು ಕಥೆ' ಬರೆದರು. ತಿಂಗಳಿಗೊಂದರಂತೆ 12 ಸಂಪುಟಗಳು, ವರ್ಷದ ಪ್ರತಿ ದಿನಕ್ಕೂ ಒಂದು ಕಥೆ. ಮಗುವಿಗೆ ಔಷಧಿ, ಊಟದಷ್ಟೇ ಕಥೆಯೂ ಬೇಕು ಎಂಬುದಕ್ಕೆ ನನ್ನ ತಮ್ಮನೇ ಸಾಕ್ಷಿ. ಉರ್ದುವಿನಲ್ಲಿ ಒಂದು ಕಥೆ ಹೇಳದಿದ್ದರೆ ಅವನು ಮಲಗುವುದೇ ಇಲ್ಲ.

ಮುಂದೆ ಅನುಪಮಾ ಅವರಿಗೆ ಕ್ಯಾನ್ಸರ್ ಬಂತು. 1991ರ ಫೆಬ್ರವರಿಯಲ್ಲಿ, 56ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ನಾವ್ಯಾರೂ ಆಗ ಹುಟ್ಟಿರಲಿಲ್ಲ. ಆದರೂ ಅವರ ಪುಸ್ತಕ ತೆರೆದರೆ ಎದುರಿಗೆ ಕೂತು ಮಾತಾಡಿದಂತೆ ಅನಿಸುತ್ತದೆ.

ಗೆಳತಿಯರೇ, 'ಕೇಳು ಕಿಶೋರಿ' ಓದಿ, ಮನೆಯಲ್ಲೂ ಓದಿ ಹೇಳಿ. ನಮ್ಮ ಉಪನ್ಯಾಸಕರಲ್ಲಿ ನನ್ನದೊಂದು ವಿನಂತಿ: ತಿಂಗಳಿಗೊಮ್ಮೆ ಒಬ್ಬ ಡಾಕ್ಟರಮ್ಮನನ್ನು ಕಾಲೇಜಿಗೆ ಕರೆಸಿ. ಹೆಸರು ಬರೆಯದೆ ಚೀಟಿಯಲ್ಲಿ ಪ್ರಶ್ನೆ ಹಾಕಲು ಒಂದು ಡಬ್ಬಿ ಇಡಿ. ಆ ಡಬ್ಬಿ ಖಾಲಿ ಉಳಿಯುವುದಿಲ್ಲ.